ಡಿಕ್ಕಿಯಲ್ಲಿ ಉಳಿದ ಕುರ್ಚಿ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ನನ್ನ ಕಾರಿನ ಡಿಕ್ಕಿ ತೆರೆಯಲಿಲ್ಲ. ಕೀ ಒಳಗೆ ಹೋಯಿತು, ತಿರುಗಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಒಳಗೆ ನನ್ನ ಗಂಡನ ಗಾಲಿಕುರ್ಚಿ ಇತ್ತು. ಮರುದಿನ ಹತ್ತು ಗಂಟೆಗೆ ನಮ್ಮ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಮೊಮ್ಮಗನ ಜ್ಞಾನಸ್ನಾನ.

ಗಾಲಿಕುರ್ಚಿಯನ್ನು ಕಾರಿನಲ್ಲಿ ಯಾಕೆ ಇಡುತ್ತೀರಿ ಎಂದು ತುಂಬಾ ಜನ ಕೇಳಿದ್ದಾರೆ. ನಮ್ಮ ಮನೆ ಕುಲಶೇಖರದ ಹಳೆಯ ಹಂಚಿನ ಮನೆ. ಬಾಗಿಲುಗಳು ಕಿರಿದು, ಜಗಲಿಗೆ ಮೂರು ಮೆಟ್ಟಿಲು. ಆ ಕುರ್ಚಿ ಮನೆಯೊಳಗೆ ಬಂದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದಿಲ್ಲ. ಮನೆಯೊಳಗೆ ಮಂಚದಿಂದ ಜಗಲಿಯ ಬೆತ್ತದ ಕುರ್ಚಿಯವರೆಗೆ ಗಂಡನನ್ನು ನಾನೇ ಹಿಡಿದು ನಡೆಸುತ್ತೇನೆ. ಗಾಲಿಕುರ್ಚಿ ಹೊರಗಿನ ಕೆಲಸಕ್ಕೆ. ಅದರ ವಾಸ ಡಿಕ್ಕಿಯಲ್ಲೇ. ಗುರುವಾರ ಕದ್ರಿಯಲ್ಲಿ ಅವರಿಗೆ ಕೈಕಾಲಿನ ವ್ಯಾಯಾಮ ಮಾಡಿಸಿ ಬಂದು ಮುಚ್ಚಿದ ಡಿಕ್ಕಿ, ಶನಿವಾರ ಕುರ್ಚಿ ಒರೆಸಲು ಹೋದರೆ ಕಲ್ಲಿನ ಹಾಗೆ ಕೂತಿತ್ತು.

ನನ್ನ ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಎತ್ತರದ ಆಳು, ದೊಡ್ಡ ಕೈ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಹೋಯಿತು. ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ. 'ನಾಕಾ' ಎನ್ನುತ್ತಾರೆ, ಕೊಂಕಣಿಯಲ್ಲಿ ಬೇಡ ಎಂದು. ಸರಿ ಎನ್ನಲು 'ರೈಟ್' ಎನ್ನುತ್ತಾರೆ. ಅಷ್ಟು ವರ್ಷ ಕಂಡಕ್ಟರುಗಳು ಹಿಂದಿನಿಂದ 'ರೈಟ್ ಪೋಯಿ', ಸರಿ ಹೋಗುವ, ಎಂದು ಕೂಗಿದ್ದು ತಲೆಯಲ್ಲಿ ಉಳಿದಿದೆ, ಮಿಕ್ಕಿದ್ದು ಅಳಿಸಿದೆ. ಇವೆರಡು ಬಿಟ್ಟರೆ ಆಗೊಮ್ಮೆ ಈಗೊಮ್ಮೆ ಒಂದು ಬಿಡಿ ಶಬ್ದ ಬರುತ್ತದೆ. ಅದಕ್ಕೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅರ್ಥ ನಾವು ಮಾಡಿಕೊಳ್ಳಬೇಕು.

ನಮ್ಮಲ್ಲಿ ಚೊಚ್ಚಲ ಮಗುವಿಗೆ ಅಪ್ಪನ ಅಪ್ಪನೇ ಜ್ಞಾನತಂದೆ, ಅಮ್ಮನ ಅಮ್ಮನೇ ಜ್ಞಾನತಾಯಿ. ಮಗುವಿನ ಪರವಾಗಿ ದೇವರ ಮುಂದೆ ಅವರು ನಿಂತು ಉತ್ತರ ಕೊಡಬೇಕು. ಮಗನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗು ಇದು. ಗಂಡು ಎಂದು ಆಸ್ಪತ್ರೆಯಿಂದ ಫೋನು ಬಂದ ದಿನ ಇವರು ಬೆತ್ತದ ಕುರ್ಚಿಯಲ್ಲಿ ಕೂತು ಸಂಜೆಯವರೆಗೆ 'ರೈಟ್, ರೈಟ್' ಎನ್ನುತ್ತಿದ್ದರು. ನನಗೆ ತಲೆನೋವು ಬಂತು.

ಡಿಕ್ಕಿ ತೆರೆಯದಿದ್ದಾಗ ನಾನು ಮೊದಲು ಮಗನಿಗೆ ಫೋನು ಮಾಡಿದೆ. ಅವನ ಸಂಸಾರ ಕದ್ರಿಯ ಫ್ಲ್ಯಾಟಿನಲ್ಲಿ. ಅವನು ಆಗ ಊಟದವರ ಹತ್ತಿರ ಜಗಳ ಆಡುತ್ತಿದ್ದ.

"ಮಾಂಯ್, ನೀವು ತಲೆಬಿಸಿ ಮಾಡಬೇಡಿ. ನಾವು ನಾಲ್ಕು ಜನ ಇದ್ದೇವೆ. ಪಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವ."

"ಅಕ್ಕಿ ಮೂಟೆಯಾ ಎತ್ತಿಕೊಂಡು ಹೋಗಲಿಕ್ಕೆ?"

"ಇಗರ್ಜಿಯಲ್ಲಿ ಒಂದು ಗಾಲಿಕುರ್ಚಿ ಉಂಟಲ್ಲ?"

ಉಂಟು. ಅದರ ಒಂದು ಚಕ್ರ ಉತ್ತರಕ್ಕೆ ಹೋದರೆ ಇನ್ನೊಂದು ದಕ್ಷಿಣಕ್ಕೆ ಹೋಗುತ್ತದೆ. ಎರಡು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಅದರಲ್ಲಿ ಕೂರಿಸಿದಾಗ ಇವರು ಎಡಕ್ಕೆ ಜಾರಿ ಎಲ್ಲರ ಮುಂದೆ ನೆಲಕ್ಕೆ ಬಿದ್ದರು. ನಮ್ಮ ಕುರ್ಚಿಗೆ ಎಡಬದಿಯಲ್ಲಿ ನಾನು ದಪ್ಪದ ದಿಂಬು ಹೊಲಿದಿದ್ದೇನೆ, ಸೊಂಟಕ್ಕೆ ಪಟ್ಟಿ ಹಾಕಿಸಿದ್ದೇನೆ. ಅದರಲ್ಲಿ ಅವರು ನೆಟ್ಟಗೆ ಕೂರುತ್ತಾರೆ. ಮಗನಿಗೆ ಇದೆಲ್ಲ ಗೊತ್ತು. ಗೊತ್ತಿದ್ದವರೇ ಮರೆಯುವುದು ಜಾಸ್ತಿ.

ಆದರೂ ಗಂಡನನ್ನು ಕೇಳಬೇಕಲ್ಲ. ಜಗಲಿಗೆ ಹೋಗಿ ಹೇಳಿದೆ: "ಕೇಳಿದ್ರಾ, ಡಿಕ್ಕಿ ತೆರೆಯುದಿಲ್ಲ. ನಾಳೆ ಮಗ ಎತ್ತಿಕೊಂಡು ಹೋಗ್ತಾನಂತೆ."

"ನಾಕಾ."

"ಮತ್ತೆ ಜ್ಞಾನತಂದೆ ಯಾರು?"

ಅವರು ಮುಖವನ್ನು ಗೋಡೆಗೆ ತಿರುಗಿಸಿದರು. ಕುತ್ತಿಗೆ ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿದರು. ಅಲ್ಲಿಗೆ ಮಾತು ಮುಗಿಯಿತು. ಕುರ್ಚಿ ಹೊರಗೆ ಬಂದರೆ ಅವರು ಇಗರ್ಜಿಗೆ ಬರುತ್ತಾರೆ. ಬಾರದಿದ್ದರೆ ಒಂಬತ್ತು ವರ್ಷ ಕಾದು ಪಡೆದ ಮಗುವಿಗೆ ಬೇರೆ ಯಾರೋ ಜ್ಞಾನತಂದೆಯಾಗಿ ಕೈ ಮುಟ್ಟಿಸುತ್ತಾರೆ, ಇವರು ಇಲ್ಲಿ ಗೋಡೆ ನೋಡುತ್ತಾರೆ. ಸಂಜೆಯೊಳಗೆ ಆ ಡಿಕ್ಕಿ ತೆರೆಯಬೇಕು ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಸೆರಗು ಎಂದದ್ದು ಮಾತಿಗೆ. ಉಟ್ಟದ್ದು ನೈಟಿ, ಹೆಗಲ ಮೇಲೊಂದು ಬೈರಾಸು, ಮೈ ಒರೆಸುವ ಟವೆಲು.

ಮೊದಲು ನಾನು ಮಾಡಿದ್ದು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಮಾಡುವುದನ್ನೇ. ತೆಂಗಿನೆಣ್ಣೆ. ನನ್ನ ತಾಯಿ ಕಲಿಸಿದ ವಿದ್ಯೆ ಅದು. ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸು, ತಾಯಿಯ ಹತ್ತಿರ ಕಲಿತದ್ದೇ ಹೆಚ್ಚು. ಬಾಗಿಲು ಕಿರ್ರ್ ಎಂದರೆ ತೆಂಗಿನೆಣ್ಣೆ. ಹೊಲಿಗೆ ಮಿಷನು ಬಿಗಿಯಾದರೆ ತೆಂಗಿನೆಣ್ಣೆ. ಮಗುವಿಗೆ ಶೀತವಾದರೆ ತೆಂಗಿನೆಣ್ಣೆ. ಸಮುದ್ರದ ಉಪ್ಪು ಗಾಳಿಗೆ ಇಲ್ಲಿ ಕಬ್ಬಿಣ ಬಾಳುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆಯ ನಂತರ, ಗೇಟಿನಿಂದ ಕಪಾಟಿನವರೆಗೆ ಮನೆಯ ಎಲ್ಲ ಬೀಗಗಳಿಗೂ ನಾನು ಎಣ್ಣೆ ಬಿಡುತ್ತೇನೆ. ಕಾರು ಬಂದ ಮೇಲೆ ಕಾರಿನ ಬೀಗಗಳಿಗೂ.

ಜನವರಿ ತಿಂಗಳು. ಬೆಳಗಿನ ಚಳಿಗೆ ಬಾಟ್ಲಿಯೊಳಗೆ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಒಂದು ಚಮಚ ತೆಗೆದು ಒಗ್ಗರಣೆ ಸೌಟಿನಲ್ಲಿ ಬಿಸಿ ಮಾಡಿ, ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು, ಬೀಗದ ಬಾಯಿಗೆ ಬಿಟ್ಟೆ.

ಪಕ್ಕದ ಮನೆಯವಳು ಕಂಪೌಂಡಿನ ಮೇಲಿನಿಂದ ನೋಡಿದಳು. ತುಳು ಮನೆತನದವಳು, ಗಂಡನದ್ದು ಹೋಟೆಲು. ನನ್ನನ್ನು ತಮಾಷೆ ಮಾಡುವ ಹಕ್ಕು ಅವಳಿಗೆ ಮೂವತ್ತು ವರ್ಷದಿಂದ ಇದೆ.

"ಎಂತ ಬಾಯಮ್ಮ, ಕಾರಿಗೆ ಒಗ್ಗರಣೆಯಾ?"

"ಹೌದು. ಬೇವಿನಸೊಪ್ಪು ಉಂಟಾದರೆ ಕೊಡು."

ಆಗ ಜಗಲಿಯಿಂದ ಗಂಡ ಕೂಗಿದರು. "ಸೀಟ್!"

ಕೂರಿಸು ಎನ್ನುತ್ತಿದ್ದಾರೆ ಎಂದುಕೊಂಡೆ. ಎಡಕ್ಕೆ ವಾಲಿರಬೇಕು. ಸೌಟು ಕೆಳಗಿಟ್ಟು ಹೋಗಿ ಕಂಕುಳಿಗೆ ಕೈ ಹಾಕಿ ನೆಟ್ಟಗೆ ಕೂರಿಸಿದೆ. ತಿರುಗಿ ಬಂದು ಕೀ ಹಾಕಿದೆ. ತಿರುಗಲಿಲ್ಲ. ಗುದ್ದುಗಲ್ಲಿನಿಂದ ಮೆಲ್ಲ ಕುಟ್ಟಿದೆ. ಮತ್ತೆ "ಸೀಟ್!" ಮತ್ತೆ ಹೋಗಿ ಬೆನ್ನ ಹಿಂದೆ ದಿಂಬು ಕೊಟ್ಟೆ. ಮೂರನೇ ಸಲ ಹೋದಾಗ ಅವರು ಬಲಗೈಯಿಂದ ನನ್ನನ್ನು ದೂಡಿ ಬೆತ್ತದ ಕುರ್ಚಿಯ ಬೆನ್ನಿಗೆ ಪಟಪಟ ಬಡಿದರು. "ಸೀಟ್! ಸೀಟ್!"

"ಕೂತಿದ್ದೀರಲ್ಲ, ಇನ್ನು ಎಷ್ಟು ಕೂರಿಸುದು? ಸಿಂಹಾಸನ ತರಬೇಕಾ?" ಎಂದೆ.

ಕಾರು ಓಡಿಸುವುದು ನಾನು. ಅವರಿಗೆ ಹೀಗಾದ ಮೇಲೆ, ಅರುವತ್ತೈದು ದಾಟಿದ ಮೇಲೆ ಕಲಿತೆ. ಕಲಿಸುವವನು ಮೊದಲ ದಿನ ನನ್ನನ್ನು ನೋಡಿ, "ಮೊಮ್ಮಗಳು ಬರುದಾ ಕಲಿಯಲಿಕ್ಕೆ?" ಎಂದು ಕೇಳಿದ್ದ. ಆದರೆ ಓಡಿಸುವುದು ಬೇರೆ, ಕಾರಿನ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದು ಬೇರೆ. ಡ್ರೈವರ್ ಸೀಟಿನ ಪಕ್ಕದಲ್ಲಿ ಒಂದು ಲಿವರ್ ಇದೆ, ಎಳೆದರೆ ಡಿಕ್ಕಿ ತೆರೆಯಬೇಕು. ಅದರ ತಂತಿ ತುಂಡಾಗಿ ಎರಡು ವರ್ಷ. ಕೀ ಇದೆಯಲ್ಲ ಎಂದು ನಾನು ಸರಿ ಮಾಡಿಸಿರಲಿಲ್ಲ. ಈಗ ಕೀಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಲು ನೋಡಿದೆ. ಬೀಗ ತಿರುಗಲಿಲ್ಲ, ಕೀಯ ಕತ್ತು ಬಾಗಿತು. ಇನ್ನು ಒಂದು ಸಲ ತಿರುವಿದರೆ ಅರ್ಧ ಕೀ ಒಳಗೆ, ಅರ್ಧ ನನ್ನ ಕೈಯಲ್ಲಿ. ಇಕ್ಕಳ ಬಿಸಾಡಿ ನಂತೂರಿನ ಗ್ಯಾರೇಜಿಗೆ ಫೋನು ಮಾಡಿದೆ.

ಗ್ಯಾರೇಜಿನ ಧಣಿಗೆ ನನ್ನ ಗುರುತು ಇದೆ, ತುಳುವಿನಲ್ಲಿ ಅರ್ಧ ಹೇಳಿದರೆ ಪೂರ್ತಿ ತಿಳಿಯುತ್ತದೆ. ಅವತ್ತು ಅವನು ಮದುವೆಗೆ ಹೋಗಿದ್ದ. ಫೋನು ಎತ್ತಿದ್ದು ಅವನ ಹತ್ತಿರ ಹೊಸದಾಗಿ ಸೇರಿದ ಮೆಕ್ಯಾನಿಕ್. ಗದಗದ ಕಡೆಯವನು, ನಲವತ್ತೈದು ದಾಟಿದ ಮನುಷ್ಯ. ತುಳು ಬಾರದು, ಕೊಂಕಣಿ ಕೇಳುವುದೇ ಬೇಡ. ಹಿಂದಿನಿಂದ ಲಾರಿಗಳ ಹಾರನ್ನು. ನಾನು ಕಿರುಚಿ ಕನ್ನಡದಲ್ಲಿ ಹೇಳಿದೆ.

"ಕಾರಿನ ಡಿಕ್ಕಿ ಮಾರಾಯ! ಗಟ್ಟಿ ಸಿಕ್ಕಿಹಾಕಿಕೊಂಡಿದೆ! ಗಂಡನ ಕುರ್ಚಿ ಒಳಗೆ ಉಂಟು! ಬೇಗ ಬಾ!"

"ಎಲ್ಲಿ ಆಗ್ಯದ್ರೀ?"

"ಕುಲಶೇಖರದಲ್ಲಿ, ನಮ್ಮ ಗೇಟಿನ ಒಳಗೆ!" ಎಂದು ದಾರಿ ಹೇಳಿದೆ.

ಹತ್ತು ನಿಮಿಷದಲ್ಲಿ ಬಂದ. ಅಷ್ಟು ಬೇಗ ಯಾವ ಮೆಕ್ಯಾನಿಕ್ಕೂ ಬಂದದ್ದನ್ನು ನಾನು ಕಂಡಿಲ್ಲ. ಸ್ಕೂಟರಿನಲ್ಲಿ ಉದ್ದದ ಕಬ್ಬಿಣದ ಹಾರೆ. ಒಳ್ಳೆ ಮೈಕಟ್ಟು, ಹೊಟ್ಟೆಯೂ ಸಾಕಷ್ಟು. ಬೆವರು ಒರೆಸುತ್ತಾ ಕಾರಿನ ಸುತ್ತ ಓಡಿದ. ಮುಂದೆ ನೋಡಿದ, ಹಿಂದೆ ನೋಡಿದ.

"ಅಮ್ಮಾರ, ಯಜಮಾನ್ರು ಎಲ್ಲದಾರ್ರೀ?"

"ಒಳಗೆ ಕೂತಿದ್ದಾರೆ."

ಅವನು ಕಾರಿನ ಗಾಜಿಗೆ ಮುಖ ಒತ್ತಿದ. "ಕಾಣವಲ್ರಲ್ರೀ!"

"ಜಗಲಿಯೊಳಗೆ ಮಾರಾಯ! ಕಾರಿನೊಳಗೆ ಕೂತು ಎಂತ ಮಾಡುದು ಅವರು?"

"ಹಂಗಾರ ಪೆಟ್ಟು?"

"ಎಂತ ಪೆಟ್ಟು?"

"ಕಾರ್ ಡಿಕ್ಕಿ ಆಗ್ಯದ, ಗಂಡ ಒಳಗ ಸಿಕ್ಕಾನ ಅಂದ್ರಲ್ರೀ ನೀವು!"

ಪಕ್ಕದ ಮನೆಯವಳು ಕಂಪೌಂಡಿನ ಆಚೆ ಕೂತುಕೊಂಡು ನಗಲು ಶುರುಮಾಡಿದಳು. ತಲೆ ಕಾಣಲಿಲ್ಲ, ನಗು ಮಾತ್ರ ಕೇಳಿತು. ಆಮೇಲೆ ನನಗೂ ಹೊಳೆಯಿತು. ನಮಗೆ ತುಳುವಿನಲ್ಲೂ ಕೊಂಕಣಿಯಲ್ಲೂ ಡಿಕ್ಕಿ ಎಂದರೆ ಕಾರಿನ ಹಿಂದಿನ ಪೆಟ್ಟಿಗೆ ಒಂದೇ. ಲಾರಿಗೆ ಬಸ್ಸು ಡಿಕ್ಕಿ ಹೊಡೆಯುವುದು ಪೇಪರಿನ ಕನ್ನಡ. ದಿನಾ ಅಪಘಾತ ಆಗುವ ನಂತೂರಿನ ಸರ್ಕಲಿನಲ್ಲಿ ಕೂತವನಿಗೆ ಯಾವ ಡಿಕ್ಕಿ ಮೊದಲು ಕೇಳುತ್ತದೆ? ಅವನ ತಪ್ಪಲ್ಲ.

"ಈ ಡಿಕ್ಕಿ," ಎಂದು ನಾನು ಕಾರಿನ ಹಿಂಬದಿಗೆ ಒಂದು ಬಡಿದೆ.

ಅವನು ಹಾರೆಯನ್ನೂ ಡಿಕ್ಕಿಯನ್ನೂ ನೋಡಿದ. "ಇಷ್ಟನ? ಈಗ ಒಂದ್ ಮೀಟಿದ್ರ ತೆಗೀತದ."

"ಹಾರೆ ಕೆಳಗಿಡು. ನೀನು ಮೀಟಿದರೆ ತಗಡು ಬಾಗ್ತದೆ. ಮತ್ತೆ ಮುಚ್ಚುದು ಹೇಗೆ? ನಾಳೆ ಈ ಡಿಕ್ಕಿ ತೆರೆಯಬೇಕು, ಮುಚ್ಚಬೇಕು, ಮತ್ತೆ ತೆರೆಯಬೇಕು. ಹರಿದು ಕೊಡು ಎಂದು ನಾನು ಕೇಳ್ಲಿಲ್ಲ."

ಯಾಕೆ ಎಂದು ಕೇಳಿದ. ಹೇಳಿದೆ. ಮಗುವಿನ ಸಂಗತಿ, ಕುರ್ಚಿಯ ಸಂಗತಿ. ಅವನು ಜಗಲಿಯ ಕಡೆ ನೋಡಿ, ಚಪ್ಪಲಿ ಬಿಟ್ಟು ಮೆಟ್ಟಿಲ ಬುಡಕ್ಕೆ ಹೋಗಿ ಗಂಡನಿಗೆ ಕೈ ಮುಗಿದು ಬಂದ. ಸತ್ತಿದ್ದಾರೆ ಎಂದುಕೊಂಡು ಬಂದವನಿಗೆ ಜೀವಂತ ನೋಡಿ ಖುಷಿಯಾಗಿರಬೇಕು. ಹಾರೆಯನ್ನು ಗೋಡೆಗೆ ಒರಗಿಸಿದ. ಸಣ್ಣ ಉಪಕರಣಗಳ ಚೀಲ ತೆಗೆದ. ಅರ್ಧ ಗಂಟೆ ಬೀಗದ ಬಾಯಿಯಲ್ಲಿ ತಂತಿ ಆಡಿಸಿದ, ಬಾಗಿದ ಕೀಯನ್ನು ನೆಟ್ಟಗೆ ಮಾಡಿದ, ಊದಿದ, ಬೈದ. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದ:

"ಹೊರಗಿಂದ ಆಗೂದಿಲ್ರೀ. ಹಿಂದಿನ ಸೀಟ್ ಬಿಚ್ಚಬೇಕು. ಒಳಗಿಂದ ಕೈ ಹಾಕಬೇಕು."

ನಾನು ಜಗಲಿಯ ಕಡೆ ತಿರುಗಿದೆ. ಗಂಡ ಬಲಗೈಯನ್ನು ಮೇಲಕ್ಕೆತ್ತಿ ಅಂಗೈ ತೋರಿಸಿ ನನ್ನನ್ನೇ ನೋಡುತ್ತಿದ್ದರು. ಶಾಲೆಯ ಮೇಷ್ಟ್ರು ದಡ್ಡ ಹುಡುಗಿಯನ್ನು ನೋಡುವ ನೋಟ. ನಾಲ್ಕನೇ ಕ್ಲಾಸಿನ ನಂತರ ಅಂಥ ನೋಟ ನನಗೆ ಯಾರೂ ಕೊಟ್ಟಿರಲಿಲ್ಲ. ಬೆಳಗಿನಿಂದ ಆ ಮನುಷ್ಯ ಹೇಳುತ್ತಿದ್ದದ್ದು ಕಾರಿನ ಸೀಟು. ನಾನು ಅವರನ್ನು ಮೂರು ಸಲ ಎತ್ತಿ ಕೂರಿಸಿದ್ದೆ.

ಕೂರುವ ಭಾಗ ಒಂದು ಎಳೆತಕ್ಕೆ ಎದ್ದು ಬಂತು. ಅದರಡಿಯಲ್ಲಿ ಒಂದು ಜಪಸರ, ಎರಡು ಪೆಪ್ಪರಮೆಂಟು, ವರ್ಷದ ಹಿಂದೆ ಕಳೆದುಹೋದ ನನ್ನ ಕನ್ನಡಕ ಸಿಕ್ಕಿತು. ಬೆನ್ನಿನ ಭಾಗಕ್ಕೆ ಕೆಳಗೆ ಎರಡು ಬೋಲ್ಟು. ಅವುಗಳನ್ನು ಬಿಚ್ಚಿ ಮೇಲಕ್ಕೆತ್ತಿ ಹೊರಗಿಟ್ಟಾಗ ಹಿಂದೆ ಡಿಕ್ಕಿಯ ಕತ್ತಲೆ ಕಾಣಿಸಿತು. ಆದರೆ ನಡುವೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳು. ಪಟ್ಟಿಗಳ ಮಧ್ಯದ ಸಂದಿಯಲ್ಲಿ ಅವನ ತಲೆ ಹೋಯಿತು, ಭುಜ ಹೋಗಲಿಲ್ಲ. ಒಂದು ಕೈ ಮಾತ್ರ ಹಾಕಿ ನೋಡಿದ, ಮಡಚಿಟ್ಟ ಗಾಲಿಕುರ್ಚಿ ಅಡ್ಡ ಬಂತು. ಹೊಟ್ಟೆ ಒಳಗೆಳೆದ, ಪಕ್ಕಕ್ಕೆ ತಿರುಗಿದ, ಮೊಣಕಾಲೂರಿದ. ಕೊನೆಗೆ ಕೆಂಪು ಮುಖ ಹೊತ್ತು ಹೊರಗೆ ಬಂದ.

"ತೆಳ್ಳನ ಮಂದಿ ಯಾರರ ಅದಾರೇನ್ರೀ?"

ನಾನು ಬೈರಾಸನ್ನು ತಲೆಗೆ ಕಟ್ಟಿದೆ.

"ಅಮ್ಮಾರ, ನೀವಾ? ಬ್ಯಾಡ್ರೀ! ಸೊಂಟ ಹಿಡಕೊಂಡ್ರ?"

"ನನ್ನ ಸೊಂಟ ನಿನಗೆಂತಕ್ಕೆ? ಎಲ್ಲಿ ಒತ್ತಬೇಕು ಹೇಳು."

ನಾನು ಯಾವತ್ತೂ ಸಣಕಲು. ಮದುವೆಯಾಗುವಾಗ ಗಂಡನ ಕಡೆಯವರು ಇದನ್ನೇ ಆಡಿಕೊಂಡಿದ್ದರು, ಗಾಳಿಗೆ ಹಾರಿಹೋಗುತ್ತದೆ ಹುಡುಗಿ ಎಂದು. ಹಾರಿಹೋಗಲಿಲ್ಲ. ಅವತ್ತು ಆ ಸಂದಿಯಲ್ಲಿ ತಲೆ, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು ಭುಜ ಹಾಕಿ ಸೊಂಟದವರೆಗೆ ಒಳಗೆ ಹೋದೆ. ಕಾಲುಗಳು ಕಾರಿನ ಬಾಗಿಲಿನಿಂದ ಹೊರಗೆ. ಪಕ್ಕದ ಮನೆಯವಳು ಅಷ್ಟರಲ್ಲಿ ನಮ್ಮ ಅಂಗಳಕ್ಕೇ ಬಂದು ನನ್ನ ನೈಟಿಯ ಅಂಚನ್ನು ಕಾಲಿಗೆ ಸುತ್ತಿ ಹಿಡಿದುಕೊಂಡಿದ್ದಳು. "ಬಾಯಮ್ಮ, ಮಾನ ನಾನು ನೋಡ್ತೇನೆ, ಬೀಗ ನೀವು ನೋಡಿ," ಎಂದಳು.

ಒಳಗೆ ಹಳೆಯ ರಬ್ಬರಿನ ವಾಸನೆ, ಸೆಕೆ. ಬಾಯಲ್ಲಿ ಟಾರ್ಚು, ಬಲಗೈಯಲ್ಲಿ ಸ್ಕ್ರೂಡ್ರೈವರು. ಗಾಲಿಕುರ್ಚಿಯ ಚಕ್ರ ಕೆನ್ನೆಗೆ ಒತ್ತುತ್ತಿತ್ತು. ಅದನ್ನು ಮೊಣಕೈಯಿಂದ ದೂಡಿದೆ. ಮೆಕ್ಯಾನಿಕ್ ಹೊರಗಿನಿಂದ ಕೂಗುತ್ತಿದ್ದ.

"ನಡಕ ಒಂದ್ ಡಬ್ಬಿ ಹಂಗ ಕಾಣ್ತದೇನ್ರೀ? ಅದರೊಳಗ ಕೊಕ್ಕಿ ಅದ. ಕೊಕ್ಕಿ!"

ಬಾಯಲ್ಲಿ ಟಾರ್ಚು ಇರುವಾಗ ಉತ್ತರ ಕೊಡುವುದು ಹೇಗೆ? ಕಾಲು ಅಲ್ಲಾಡಿಸಿದೆ.

"ಹೌದಂತೆ," ಎಂದಳು ಪಕ್ಕದ ಮನೆಯವಳು.

"ಕೊಕ್ಕಿಯ ಬಲಕ್ಕ ಒಂದ್ ನಾಲಿಗಿ ಅದ. ಅದಕ್ಕ ಸ್ಕ್ರೂಡ್ರೈವರ್ ಇಟ್ಟು ನಿಮ್ ಕಡೆ ಎಳೀರಿ. ದೂಡಬ್ಯಾಡ್ರಿ, ಎಳೀರಿ!"

ಎಳೆದೆ. ಜಾರಿತು. ಉಗುರಿನ ಹತ್ತಿರ ಸಿಗಿದು ರಕ್ತ ಬಂತು. ಮತ್ತೆ ಎಳೆದೆ, ಮತ್ತೆ ಜಾರಿತು. ಈ ನಾಲಿಗೆಗೂ ನನ್ನ ಗಂಡನ ನಾಲಿಗೆಯ ಹಾಗೇ ಆಗಿದೆ, ಕೂತಲ್ಲಿ ಕೂತಿದೆ ಎನಿಸಿತು. ಸಿಟ್ಟು ಬಂತು. ಅವರ ನಾಲಿಗೆಯನ್ನು ಎಳೆಯಲು ನನ್ನಿಂದ ಆಗಲಿಲ್ಲ, ಯಾವ ಡಾಕ್ಟರಿಂದಲೂ ಆಗಲಿಲ್ಲ. ಇದನ್ನು ಎಳೆಯದೆ ನಾನು ಹೊರಗೆ ಬರುವುದಿಲ್ಲ. ಟಾರ್ಚನ್ನು ಉಗುಳಿ ಎರಡೂ ಕೈಯಿಂದ ಸ್ಕ್ರೂಡ್ರೈವರ್ ಹಿಡಿದು ಇದ್ದಷ್ಟೂ ಬಲ ಹಾಕಿ ಎಳೆದೆ. ಟಪ್ ಎಂದಿತು. ಮುಚ್ಚಳ ಒಂದು ಬೆರಳಿನಷ್ಟು ಎದ್ದಿತು, ಆ ಗೀಟಿನಲ್ಲಿ ಬಿಸಿಲು ಒಳಗೆ ಬಂತು.

ಮೆಕ್ಯಾನಿಕ್ ಡಿಕ್ಕಿ ಎತ್ತಿದಾಗ ನಾನು ಒಳಗಿನಿಂದ ಅವನನ್ನು ನೋಡುತ್ತಿದ್ದೆ. "ಹೊರಗ ಬರ್ರೀ ಅಮ್ಮಾರ," ಎಂದ, ಬಾವಿಯೊಳಗೆ ಬಿದ್ದವಳನ್ನು ಕರೆಯುವ ಹಾಗೆ. ಹೋದ ದಾರಿಯಲ್ಲೇ ಹಿಂದಕ್ಕೆ ಬರಲು ಹೋದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರಿಬ್ಬರೂ ಸೇರಿ ಕುರ್ಚಿಯನ್ನು ಇಳಿಸಿ ಅಂಗಳದಲ್ಲಿ ಬಿಡಿಸಿ ಇಟ್ಟಿದ್ದರು.

ಇಷ್ಟಕ್ಕೇ ಸಾಕು ಎನ್ನಬಹುದಿತ್ತು. ಡಿಕ್ಕಿಯನ್ನು ಹಗ್ಗದಿಂದ ಕಟ್ಟಿದರೂ ಒಂದು ದಿನ ಕಳೆಯುತ್ತದೆ. ಆದರೆ ಹಗ್ಗ ಕಟ್ಟಿದ ಡಿಕ್ಕಿಯಿಂದ ಕುರ್ಚಿ ದಾರಿಯಲ್ಲಿ ಬಿದ್ದರೆ ಎತ್ತಿಕೊಡಲು ಯಾರೂ ನಿಲ್ಲುವುದಿಲ್ಲ. "ಬೀಗ ಬಿಚ್ಚು. ಇವತ್ತೇ ಸರಿಯಾಗಬೇಕು," ಎಂದೆ.

ಅವನು ಬೀಗವನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ. ಹೆಬ್ಬೆರಳಿನಷ್ಟು ದಪ್ಪದ ಸಣ್ಣ ಕೊಳವೆ. ಒಳಗಿನಿಂದ ಕಂದು ಬಣ್ಣದ ಅಂಟು ಬಂತು. ಬೆಲ್ಲದ ಪಾಕ ಕೆಟ್ಟರೆ ಹೇಗಿರುತ್ತದೋ ಹಾಗೆ. ಅದರೊಳಗೆ ಧೂಳು, ಮರಳು, ಒಂದು ಸತ್ತ ಇರುವೆ. ಅವನು ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ.

"ಅಮ್ಮಾರ, ಇದಕ್ಕ ಏನ್ ಹಾಕ್ತೀರಿ ನೀವು?"

ನಾನು ಬೈರಾಸಿನಿಂದ ಬೆರಳಿನ ರಕ್ತ ಒರೆಸತೊಡಗಿದೆ. ಉತ್ತರ ಪಕ್ಕದ ಮನೆಯವಳೇ ಕೊಟ್ಟಳು. "ತೆಂಗಿನೆಣ್ಣೆ. ಇವತ್ತು ಬಿಸಿ ಮಾಡಿ ಹಾಕಿದ್ದಾರೆ."

"ಎಷ್ಟ್ ವರ್ಷದಿಂದ?"

"ಕಾರು ಬಂದಂದಿನಿಂದ," ಎಂದೆ. ಸುಳ್ಳು ಹೇಳಿ ಏನು ಲಾಭ, ಅಂಟು ಅವನ ಕೈಯಲ್ಲೇ ಇತ್ತು.

"ತುಕ್ಕು ಒಂದಿಷ್ಟೂ ಹಿಡಿದಿಲ್ರೀ," ಎಂದ. ಅವನು ಒಳ್ಳೆಯವನು, ಮೊದಲು ಹೊಗಳಿದ. "ಆದ್ರ ಈ ಎಣ್ಣಿ ಒಳಗ ಕುಂತು ಅಂಟಾಗ್ತದ. ಧೂಳ ಹಿಡೀತದ. ಥಂಡಿಗೆ ಗಟ್ಟಿ ಆಗ್ತದ. ಬೀಗಕ್ಕ ಎಣ್ಣಿ ಹಾಕಿ ಹಾಕಿ ನೀವ ಬೀಗ ಹಾಕೀರಿ."

ಕೇಡು ಉಪ್ಪುಗಾಳಿಯದ್ದಲ್ಲ, ಹಳೆ ಕಾರಿನದ್ದಲ್ಲ. ವರ್ಷಕ್ಕೆ ಎರಡು ಸಲ ಸೌಟು ಹಿಡಿದು ನಾನೇ ಮಾಡಿದ್ದು. ಬೆಳಿಗ್ಗೆ ಮಾಡಿದ ಮದ್ದು ಕೂಡ ರೋಗಕ್ಕೇ ಹಾಕಿದ ಗೊಬ್ಬರ. ತಾಯಿ ಹೇಳಿಕೊಟ್ಟದ್ದೆಲ್ಲ ಸರಿ ಎಂದು ನಂಬುವುದಕ್ಕೂ ಒಂದು ಮಿತಿ ಇರಬೇಕು. ತಾಯಿಗೆ ಕಾರು ಇರಲಿಲ್ಲ.

ಚಿಮಿಣಿ ಎಣ್ಣೆಯಲ್ಲಿ ತೊಳೆದು ನೋಡಿದ. ಅಂಟು ಹೋಯಿತು, ಆದರೆ ನಾನು ಇಕ್ಕಳದಿಂದ ತಿರುವಿದ್ದಕ್ಕೆ ಒಳಗೆ ಒಂದು ಸಣ್ಣ ಸ್ಪ್ರಿಂಗು ಮುರಿದಿತ್ತು. ಈ ಕಾರು ಮಾಡುವುದನ್ನೇ ಕಂಪನಿಯವರು ನಿಲ್ಲಿಸಿದ್ದಾರೆ, ಹೊಸ ಬೀಗ ಹುಡುಕಲು ಸೋಮವಾರ ಆಗಬೇಕು ಎಂದ.

"ಸೋಮವಾರ ನನಗೆಂತಕ್ಕೆ? ಗುಜರಿಯಲ್ಲಿ ಸಿಕ್ಕುದಿಲ್ವಾ?"

"ಸಿಗಬಹುದು. ಹುಡುಕಬೇಕ್ರೀ."

"ಹುಡುಕುವ. ಹತ್ತು."

ಗಂಡನನ್ನು ಪಕ್ಕದ ಮನೆಯವಳ ಕೈಗೆ ಒಪ್ಪಿಸಿ, ಡಿಕ್ಕಿಯನ್ನು ಬಟ್ಟೆ ಒಣಗಿಸುವ ಹಗ್ಗದಿಂದ ಬಂಪರಿಗೆ ಕಟ್ಟಿ, ಹಿಂದಿನ ಸೀಟು ಇಲ್ಲದ ಕಾರನ್ನು ನಾನೇ ಓಡಿಸಿದೆ. ಅವನು ಮುಂದಿನ ಸೀಟಿನಲ್ಲಿ ಎರಡೂ ಕೈಯಿಂದ ಬಾಗಿಲಿನ ಹಿಡಿ ಹಿಡಿದುಕೊಂಡು ಕೂತಿದ್ದ. ನಂತೂರಿನಲ್ಲಿ ಒಂದು ಟ್ಯಾಂಕರು ಮತ್ತು ಒಂದು ಬಸ್ಸಿನ ನಡುವೆ ನುಗ್ಗಿದಾಗ, "ಅಮ್ಮಾರ, ಈಗ ಡಿಕ್ಕಿ ಆಗ್ತದ ನೋಡ್ರೀ," ಎಂದ. ಆಗಲಿಲ್ಲ. ಬಸ್ಸು ಓಡಿಸುವವನ ಹೆಂಡತಿ ನಾನು, ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ತಿರುಗುತ್ತದೆ ಎಂದು ಗೊತ್ತು.

ಗುಜರಿಯ ಅಂಗಳದಲ್ಲಿ ನಮ್ಮ ಕಾರಿನದೇ ಜಾತಿಯ ಮೂರು ಕಾರುಗಳಿದ್ದವು, ಒಂದರ ಮೇಲೊಂದು. ಮೇಲಿನದಕ್ಕೆ ಬೀಗವೇ ಇರಲಿಲ್ಲ. ನಡುವಿನದಕ್ಕೆ ಬೀಗ ಇತ್ತು, ಕೀ ಇರಲಿಲ್ಲ. ಅಂಗಡಿಯವನು ಅದನ್ನೇ ಕೊಡಲು ನೋಡಿದ. ಕೀ ಇಲ್ಲದ ಬೀಗ ನನ್ನ ಹತ್ತಿರವೇ ಒಂದು ಇದೆ ಎಂದೆ. ಕೊನೆಗೆ ಕೆಳಗಿನ ಕೆಂಪು ಕಾರಿನ ಬೀಗ ಬಿಚ್ಚಿಸಿದೆವು, ಅದರ ಕೀ ಅಂಗಡಿಯ ಮೊಳೆಯಲ್ಲಿ ನೂರು ಕೀಗಳ ಗೊಂಚಲಿನಲ್ಲಿ ಸಿಕ್ಕಿತು. ಒಂದೊಂದೇ ಹಾಕಿ ತಿರುಗಿಸಿ ನೋಡಿದ್ದು ನಾನೇ. ನಲವತ್ತೋ ಐವತ್ತೋ ಆದ ಮೇಲೆ ಒಂದು ಕೀ ಕಟಕ್ ಎಂದು ತಿರುಗಿತು.

ಐದೂವರೆಗೆ ಬೀಗ ಕೂತಿತ್ತು, ಸೀಟು ಕೂತಿತ್ತು. ಮುಚ್ಚಿ ತೆರೆದು, ಮುಚ್ಚಿ ತೆರೆದು ಹತ್ತು ಸಲ ನೋಡಿದೆ. ಮೆಕ್ಯಾನಿಕ್ಕಿಗೆ ಚಹಾ, ಬನ್ಸು ಕೊಟ್ಟೆ. ಹೊರಡುವ ಮೊದಲು ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅದರ ಕಡ್ಡಿಯನ್ನು ಚೂರಿಯಿಂದ ಕೆರೆದು, ಕರಿ ಪುಡಿಯನ್ನು ಕೀಗೆ ಹಚ್ಚಿ, ಬೀಗದೊಳಗೆ ಎರಡು ಸಲ ಆಡಿಸಿದ.

"ಬಿಗಿ ಅನಿಸಿದ್ರ ಇದನ್ನ ಹಾಕ್ರೀ. ಎಣ್ಣಿ ಅಲ್ಲ."

ಪೆನ್ಸಿಲನ್ನು ನನಗೇ ಕೊಟ್ಟು ಹೋದ. ನಾನು ಪೆನ್ಸಿಲ್ ಹಿಡಿಯದೆ ಅರುವತ್ತು ವರ್ಷವಾಗಿತ್ತು. ಈಗ ಕಾರಿನಲ್ಲಿ ಇಟ್ಟಿದ್ದೇನೆ.

ಅವನು ಹೋದ ಮೇಲೆ ಗಂಡನ ಹತ್ತಿರ ಕೂತೆ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ ಕೇಳಿದೆ, "ಬೆಳಿಗ್ಗೆ ಸೀಟ್ ಅಂದದ್ದು ಕಾರಿನದ್ದಾ?"

"ರೈಟ್."

"ಬೀಗಕ್ಕೆ ತೆಂಗಿನೆಣ್ಣೆ ಹಾಕಬಾರದು ಎಂದು ನಿಮಗೆ ಗೊತ್ತಿತ್ತಾ?"

"ರೈಟ್."

"ಬಾಯಿ ಇದ್ದಾಗ ಯಾಕೆ ಹೇಳ್ಲಿಲ್ಲ?"

ಅವರು ನಕ್ಕರು. ಈಗ ಅವರು ನಗುವುದು ಬಾಯಿಯ ಬಲಬದಿಯಿಂದ ಮಾತ್ರ. ಬಾಯಿ ಇದ್ದಾಗ ಹೇಳಿದ್ದರು, ನಾನು ಕೇಳಿರಲಿಲ್ಲ ಎಂದು ಆ ಅರ್ಧ ನಗೆಯಲ್ಲೇ ಗೊತ್ತಾಯಿತು. ಬಸ್ಸಿನ ಗ್ಯಾರೇಜಿನ ಮಾತು ಅಡುಗೆಮನೆಗೆ ತರಬೇಡಿ ಎಂದು ನಾನೇ ಎಷ್ಟೋ ಸಲ ಬಾಯಿ ಮುಚ್ಚಿಸಿದ್ದೆ.

ಭಾನುವಾರ ಒಂಬತ್ತೂವರೆಗೆ ಇಗರ್ಜಿಯ ಅಂಗಳದಲ್ಲಿ ಮಗ ಓಡಿ ಬಂದು, "ಕೀ ಕೊಡಿ ಮಾಂಯ್, ನಾನು ತೆರೀತೇನೆ," ಎಂದ. ಕೊಡಲಿಲ್ಲ. ಕೆಂಪು ಕಾರಿನ ಕೀಯನ್ನು ನಾನೇ ಹಾಕಿ ನಾನೇ ತಿರುಗಿಸಿದೆ. ಕುರ್ಚಿ ಇಳಿಯಿತು. ಗಂಡ ಅದರಲ್ಲಿ ನೆಟ್ಟಗೆ ಕೂತು, ಬಿಳಿ ಶರಟು, ಕರಿ ಕೋಟಿನಲ್ಲಿ, ಯಾರ ಕೈಯಲ್ಲೂ ನೇತಾಡದೆ ಜ್ಞಾನಸ್ನಾನದ ತೊಟ್ಟಿಯವರೆಗೆ ಉರುಳಿದರು. ಸೊಸೆಯ ತಾಯಿ ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಳು. ಇವರು ಬಲಗೈಯನ್ನು ಮಗುವಿನ ಕಾಲಿನ ಮೇಲೆ ಇಟ್ಟರು. ಆ ಕೈಯ ಕೆಳಗೆ ಮಗುವಿನ ಎರಡೂ ಕಾಲು ಮುಚ್ಚಿಹೋದವು.

ಪಾದ್ರಿಗಳು ಓದಿ ಕೇಳಿದರು, ದೇವರಲ್ಲಿ ನಂಬಿಕೆ ಇಡುತ್ತೀರಾ ಎಂದು. ತಂದೆತಾಯಿ, ಜ್ಞಾನತಾಯಿ ಎಲ್ಲರೂ ಮೆಲ್ಲ ದನಿಯಲ್ಲಿ ಇಡುತ್ತೇವೆ ಎಂದರು. ಎಲ್ಲರೂ ಹೇಳಿ ಮುಗಿದ ಮೇಲೆ ಇವರು ಇಗರ್ಜಿಗೆಲ್ಲ ಕೇಳುವ ಹಾಗೆ ಹೇಳಿದರು.

"ರೈಟ್!"

ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ಪಾದ್ರಿಗಳು ನಗಲಿಲ್ಲ. ಪುಸ್ತಕದಿಂದ ತಲೆಯೆತ್ತಿ ಇವರನ್ನು ನೋಡಿ, ಮುಂದಿನ ಪ್ರಶ್ನೆಯನ್ನು ಇವರಿಗೇ ಕೇಳಿದ ಹಾಗೆ ಕೇಳಿದರು. ಮತ್ತೆ "ರೈಟ್." ಮೂರನೆಯದಕ್ಕೂ "ರೈಟ್." ಮಗುವಿನ ತಲೆಗೆ ನೀರು ಬಿತ್ತು, ಅತ್ತಿತು. ಗಂಟಲು ಗಟ್ಟಿಯಾಗಿದೆ, ಅಜ್ಜನ ಹಾಗೆ.

ಆಮೇಲೆ ಪಾದ್ರಿಗಳು ಸಣ್ಣ ಬೆಳ್ಳಿಯ ಡಬ್ಬಿ ತೆರೆದು, ಹೆಬ್ಬೆರಳಿನಿಂದ ಪವಿತ್ರ ಎಣ್ಣೆ ತೆಗೆದು ಮಗುವಿನ ನೆತ್ತಿಗೆ ಹಚ್ಚಿದರು. ಗಂಡ ಎಣ್ಣೆಯನ್ನು ನೋಡಿದರು. ಆಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದರು. ಬಾಯಿಯ ಬಲಬದಿ ಮೆಲ್ಲ ಮೇಲಕ್ಕೆ ಹೋಗುತ್ತಿತ್ತು.

ನಾನು ಮೇಣದ ಬತ್ತಿಯ ಕಡೆ ನೋಡುತ್ತಾ ನಿಂತೆ.